ಕಾಗದದಲ್ಲಿ ಬರೆದ ಹಸೆ

ಹೋದ ಬೇಸಿಗೆ ಸಾಗರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಎಂದೋ ನನ್ನ ಕೈಲಿ ಕಿವಿ ಹಿಂಡಿಸಿಕೊಂಡಿದ್ದ ಹುಡುಗನೊಬ್ಬನ ಮಗಳ ಮದುವೆ. ಜೀವಮಾನವೆಲ್ಲ ಟೀಚರಾಗಿದ್ದವರಿಗೆ ಪಿಂಚಣಿಯ ಜೊತೆಗೆ ಇದೂ ಒಂದು ಸಿಗುತ್ತದೆ, ಯಾವ ಮದುವೆಗೆ ಹೋದರೂ ಮುಂದಿನ ಸಾಲಿನಲ್ಲಿ ಕುರ್ಚಿ. ಕೂತು ಕತ್ತೆತ್ತಿದರೆ ವೇದಿಕೆಯ ಹಿಂದೆ ಈ ತುದಿಯಿಂದ ಆ ತುದಿಗೆ ಹಸೆ ಚಿತ್ತಾರ. ಯಾರೂ ಬರೆದದ್ದಲ್ಲ, ಫ್ಲೆಕ್ಸ್ ಮಾಡಿಸಿ ಕಟ್ಟಿದ್ದು. ಮೇಲ್ಗಡೆ ಒಂದು ದಂಡಿಗೆ, ಅಂದರೆ ಪಲ್ಲಕ್ಕಿ. ಅದರೊಳಗೆ ಮದುಮಗ ಮದುಮಗಳು ಹಲ್ಲು ಬಿಟ್ಟುಕೊಂಡು ಕೂತಿದ್ದರು. ಚಿತ್ತಾರದ ಗೊಂಬೆಗೆ ಹಲ್ಲು ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಕ್ಕದವರಿಗೆ ಹೇಳೋಣ ಅಂದುಕೊಂಡೆ, ಅವರು ಮೊಬೈಲಿನಲ್ಲಿ ಅದರದೇ ಫೋಟೋ ತೆಗೆಯುತ್ತಿದ್ದರು.

ಊಟವಾಗಿ ಕೈ ತೊಳೆಯಲು ಹಿತ್ತಲ ಕಡೆ ಹೋದಾಗ ಅಲ್ಲಿ ಒಬ್ಬ ಹೆಂಗಸು ತುಳಸಿಕಟ್ಟೆಗೆ ಬಳಿಯಲು ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲಸುತ್ತಿದ್ದಳು. ನೀರು ಕುಡಿದ ಕೆಮ್ಮಣ್ಣಿನ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿ ಚೊಂಬು ಹಿಡಿದವಳು ಹಾಗೇ ನಿಂತುಬಿಟ್ಟೆ. "ಎಂತಾಯ್ತು ಅಮ್ಮಾ, ತಲೆ ಸುತ್ತು ಬಂತಾ?" ಅಂತ ಅವಳು ಕೇಳಿದಳು. ಇಲ್ಲ ಅಂದೆ. ತಲೆ ಸುತ್ತಿರಲಿಲ್ಲ. ಅರವತ್ತೈದನೇ ಇಸವಿಯಲ್ಲಿ ನಮ್ಮ ನಡುಮನೆಯ ಗೋಡೆಯ ಮುಂದೆ ನಿಂತಿದ್ದೆ, ಅಷ್ಟೆ.

ಆಗ ನಾನು ಹೊಸನಗರದ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ನಮ್ಮ ಮನೆ ಸಾಗರದ ಕಡೆಗೆ ಹೋಗುವ ರಸ್ತೆಯಲ್ಲಿ, ಕೈಮರದ ಹತ್ತಿರ ಬಸ್ಸಿಳಿದು ಒಳಗೆ ನಡೆಯಬೇಕು. ಅದು ಹುಟ್ಟಿದ ಊರಲ್ಲ. ಹುಟ್ಟಿದ ಊರು ಶರಾವತಿಯ ಹಿನ್ನೀರಿನಲ್ಲಿ ಮುಳುಗಿತ್ತು. ಬಾಗಿಲು, ತೊಲೆ, ಒರಳು, ಬೀಸುಕಲ್ಲು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಬಂದೆವು, ಗೋಡೆಯನ್ನು ಮಾತ್ರ ತರಲಾಗಲಿಲ್ಲ. ಅವ್ವ ಮದುವೆಯಾಗಿ ಬಂದಾಗ ಬರೆದಿದ್ದ ಹಸೆ ಆ ಗೋಡೆಯ ಮೇಲೆ ಇನ್ನೂ ಅರ್ಧಂಬರ್ಧ ಇತ್ತು. ಅಪ್ಪಯ್ಯ ಹೊಸ ಜಾಗಕ್ಕೆ ಬಂದ ವರ್ಷವೇ ಜ್ವರ ಬಂದು ತೀರಿಕೊಂಡ. ಉಳಿದದ್ದು ಅವ್ವ, ನಾನು, ಮತ್ತೆ ಅಣ್ಣ ಮಂಜಪ್ಪ. ಗೇಣಿ ಗದ್ದೆ ನೀರು ಪಾಲಾದ ಮೇಲೆ ಉಳಲು ಏನಿದೆ ಅಂತ ಅವನು ಶಿವಮೊಗ್ಗಕ್ಕೆ ಹೋಗಿ ಮಿಲ್ಟ್ರಿಗೆ ಸೇರಿಬಿಟ್ಟಿದ್ದ.

ದ್ಯಾವಮ್ಮ ಅವ್ವನ ಅಣ್ಣನ ಮಗಳು. ಅವರೂ ನಮ್ಮ ಜೊತೆಯಲ್ಲೇ ಮುಳುಗಿ ನಮ್ಮ ಜೊತೆಯಲ್ಲೇ ಎದ್ದು ಬಂದವರು. ಒಂದು ಹಳ್ಳ ದಾಟಿದರೆ ಅವರ ಮನೆ. ಅವಳನ್ನು ಅಣ್ಣನಿಗೆ ತರುವುದು ಅಂತ ಹಳೇ ಊರಲ್ಲೇ ಹಿರಿಯರು ಮಾತಾಡಿದ್ದರು. ಹಿರಿಯರು ಮಾತಾಡುವ ಮೊದಲೇ ಅವರಿಬ್ಬರು ಮಾತಾಡಿಕೊಂಡಿದ್ದರು ಅನ್ನುವುದು ನನಗೆ ಗೊತ್ತಿತ್ತು. ನೆಟ್ಟಿಯ ಗದ್ದೆಯಲ್ಲಿ ಅಣ್ಣ ಸಸಿಯ ಕಟ್ಟು ಹೊತ್ತು ಬರುವ ಹೊತ್ತಿಗೆ ಸರಿಯಾಗಿ ದ್ಯಾವಮ್ಮನ ಕೈಯ ಸಸಿ ಮುಗಿದುಹೋಗುತ್ತಿತ್ತು. ಬೇರೆ ಯಾರ ಕೈಯದೂ ಮುಗಿಯುತ್ತಿರಲಿಲ್ಲ. ನಾನು ಆಗಿನಿಂದಲೇ ಅವಳನ್ನು ಅತ್ತಿಗೆ ಅಂತ ಕರೆಯಲು ಶುರುಮಾಡಿದೆ. "ಇನ್ನೂ ಆಗಿಲ್ಲ ಕಣೆ ಸರೋಜಿ, ಯಾರಾರು ಕೇಳಿಸ್ಕಂಡಾರು" ಅನ್ನುತ್ತಿದ್ದಳು. ಆದರೂ ಕರೆದರೆ ಓಗೊಡುತ್ತಿದ್ದಳು.

ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಕೈ ಮಾತ್ರ ಬಂಗಾರದ್ದು. ನಮ್ಮವರಲ್ಲಿ ಮದುವೆ ಅಂದರೆ ಒಳಗೋಡೆಗೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟು ಕದಡಿ, ಪುಂಡಿ ನಾರಿನ ಕುಂಚದಲ್ಲಿ ಚಿತ್ತಾರ ಬರೆಯಬೇಕು. ಅದೇ ಹಸೆ. ಮದುಮಕ್ಕಳನ್ನು ಕೂರಿಸುವುದು ಅದರ ಮುಂದೆ. ಸುತ್ತ ಎಳೆ, ಎಳೆಯ ಒಳಗೆ ಏಣಿ, ಜಡೆ ಹೆಣೆದ ಹಾಗೆ ಬರುವ ಜೋಗಿಜಡೆ, ನಟ್ಟನಡುವೆ ಮೇಲೆ ದಂಡಿಗೆ. ದ್ಯಾವಮ್ಮನಿಗೆ ಇದನ್ನೆಲ್ಲ ಕಲಿಸಿದ್ದು ಅವಳ ಅಜ್ಜಿ. ಆ ಅಜ್ಜಿಯದು ಒಂದು ಕಟ್ಟುನಿಟ್ಟು ಇತ್ತು. ಉಳಿದದ್ದನ್ನೆಲ್ಲ ಯಾವಾಗ ಬೇಕಾದರೂ ಬರೆಯಬಹುದು, ದಂಡಿಗೆಯನ್ನು ಮಾತ್ರ ಮದುಮಗ ಊರಿಗೆ ಬಂದು ಕಾಲಿಟ್ಟ ಮೇಲೆ ಬರೆಯಬೇಕು. ಬರುವ ಮೊದಲೇ ಬರೆದರೆ ದಂಡಿಗೆ ಖಾಲಿ ಹೋಗುತ್ತದಂತೆ. ಬೇರೆ ಮನೆಗಳಲ್ಲಿ ಯಾರೂ ಅದನ್ನು ಅಷ್ಟಾಗಿ ಪಾಲಿಸುತ್ತಿರಲಿಲ್ಲ. ದ್ಯಾವಮ್ಮ ಪಾಲಿಸುತ್ತಿದ್ದಳು.

ಆ ವರ್ಷ ವೈಶಾಖದಲ್ಲಿ ಮದುವೆ ಅಂತ ನಿಶ್ಚಯವಾಯಿತು. ಹೊಸ ಮನೆಯ ಮೊದಲ ಹಸೆ. ಅವ್ವ ತಾನೇ ಗುಡ್ಡದಿಂದ ಮಣ್ಣು ತಂದು, ಸೋಸಿ, ಗೋಡೆಗೆ ಮತ್ತೆ ಮತ್ತೆ ಬಳಿದಳು. ಮನೆ ತುಂಬ ಅದೇ ವಾಸನೆ. ಅಷ್ಟರಲ್ಲಿ ಎಲ್ಲೋ ಗಡಿಯಲ್ಲಿ ಗಲಾಟೆ ಶುರುವಾಯಿತು, ರಜೆ ಯಾರಿಗೂ ಇಲ್ಲ ಅಂತ ಅಣ್ಣನ ಕಾಗದ ಬಂತು. ಚಪ್ಪರಕ್ಕೆ ಕಡಿದ ಗಳ ಸೌದೆಯ ರಾಶಿಗೆ ಹೋಯಿತು. ಗೋಡೆಯನ್ನು ಮಾತ್ರ ಅವ್ವ ಹಾಗೇ ಇಟ್ಟಳು. ಅದಕ್ಕೆ ಯಾರೂ ಬೆನ್ನು ಒರಗಿಸುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ನಾನು ಓದಲು ಕೂತರೂ ಅದಕ್ಕೆ ಎದುರಾಗಿ ಕೂರಬೇಕಿತ್ತು. ಮಳೆಗಾಲ ಪೂರ್ತಿ ಏನೂ ಬರೆಯದ ಕೆಂಪು ಗೋಡೆಯೊಂದನ್ನು ನೋಡಿಕೊಂಡು ಲೆಕ್ಕ ಮಾಡಿದೆ.

ಕಾಗದಗಳು ಕೈಮರದ ಅಂಗಡಿಗೆ ಬರುತ್ತಿದ್ದವು. ಅಣ್ಣನ ವಿಳಾಸದಲ್ಲಿ ಊರೇ ಇರುತ್ತಿರಲಿಲ್ಲ, ಬರೀ ನಂಬರು. ದ್ಯಾವಮ್ಮನಿಗೆ ಅದೊಂದು ಚಿಂತೆ. "ಊರೇ ಇಲ್ಲದ ಕಡೆಗೆ ಕಾಗ್ದ ಹೆಂಗೆ ಹೋಗಿ ಮುಟ್ಟತ್ತೆ?" ಅನ್ನುತ್ತಿದ್ದಳು. ನಮ್ಮ ಊರೂ ಇಲ್ಲದ ಊರೇ, ನಮಗೆ ಮುಟ್ಟುತ್ತಿಲ್ಲವಾ ಅಂತ ನಾನು ಸಮಾಧಾನ ಹೇಳುತ್ತಿದ್ದೆ. ಅವನ ಕಾಗದ ಬಂದರೆ ಅವರ ಮನೆಯ ಹುಲ್ಲಿನ ಬಣವೆಯ ಹಿಂದೆ ಕೂತು ಓದಿ ಹೇಳಬೇಕು. ಉತ್ತರವನ್ನೂ ನಾನೇ ಬರೆಯಬೇಕು. ಅಲ್ಲಿ ಕಷ್ಟ ಶುರುವಾಗುತ್ತಿತ್ತು.

"ನಾವೆಲ್ಲ ಚೆನ್ನಾಗಿದೀವಿ ಅಂತ ಬರಿ. ಎಮ್ಮೆ ಕರ ಹಾಕೈತೆ ಅಂತ ಬರಿ" ಅನ್ನುವಳು.

"ಬರೆದೆ. ಮತ್ತೆ?"

"ಮತ್ತೆಂತ ಐತೆ?"

"ಅತ್ತಿಗೆ, ಅಣ್ಣ ಅಲ್ಲಿ ಎಮ್ಮೆಯ ಸುದ್ದಿಗೆ ಕಾಯ್ತಾ ಇರೋದಾ?"

"ನಿನ್ ಮುಂದೆ ಎಂತ ಹೇಳ್ಲಿ? ನೀನು ಅವ್ರ ತಂಗಿ. ನಾ ಹೇಳಿದ್ದು ನಿನ್ ಕೈಯಿಂದ ಹಾದು ಹೋಗ್ಬೇಕು" ಅನ್ನುವಳು. ಆಮೇಲೆ ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಪುಂಡಿ ನಾರು ಹಿಡಿಯುವ ಹಾಗೆ ಹಿಡಿದು, ಕಾಗದದ ಕೆಳಗೆ ಉಳಿದ ಜಾಗದಲ್ಲಿ ಬೆರಳಗಲ ಜೋಗಿಜಡೆ ಬರೆದು ಕೊಡುವಳು. ಒಂದು ಗೆರೆ ಇನ್ನೊಂದರ ಮೇಲೆ ಹತ್ತುತ್ತಿರಲಿಲ್ಲ. ಅಣ್ಣನ ಮುಂದಿನ ಕಾಗದದಲ್ಲಿ ಬರುತ್ತಿತ್ತು, "ಸರೋಜಿ ಬರೆದದ್ದು ಓದಿದೆ, ಅದರ ಕೆಳಗಿನದನ್ನು ಎರಡು ಸಲ ಓದಿದೆ" ಅಂತ. ಒಮ್ಮೆ ತಾನೂ ಒಂದು ಜೋಗಿಜಡೆ ಬರೆದು ಕಳಿಸಿದ. ಅದು ಎತ್ತು ಕಿತ್ತುಕೊಂಡು ಹೋದ ಹಗ್ಗದ ಹಾಗಿತ್ತು. ದ್ಯಾವಮ್ಮ ಬಣವೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ವರ್ಷ ಅವಳು ಹಾಗೆ ನಕ್ಕದ್ದು ಅದೊಂದೇ ಸಲ ಅಂತ ನನ್ನ ನೆನಪು.

ಆಷಾಢದಲ್ಲಿ ಒಂದು ದಿನ ಮಾವ, ಅಂದರೆ ದ್ಯಾವಮ್ಮನ ಅಪ್ಪ, ಕಂಬಳಿಕೊಪ್ಪೆ ಹಾಕಿಕೊಂಡು ಬಂದು ಅವ್ವನ ಎದುರು ಕೂತ. ಕೆಟ್ಟ ಮನುಷ್ಯನಲ್ಲ. ವೀಳ್ಯದೆಲೆಯ ನಾರು ಬಿಡಿಸುತ್ತ ಮಾತು ಶುರುಮಾಡಿದ.

"ತಂಗಿ, ಮಂಜ ಅಂದ್ರೆ ನಂಗೂ ಮಗ ಇದ್ದಂಗೆ. ಆದ್ರೆ ಹೆಣ್ಣನ್ನ ಎಷ್ಟು ದಿನ ಅಂತ ಮನೇಲಿ ಇಟ್ಕಳ್ಳಿ? ತೀರ್ಥಳ್ಳಿ ಕಡೆಯಿಂದ ಕೇಳ್ತಾ ಅದಾರೆ. ದೀಪಾವಳಿ ಒಳಗೆ ಬಂದು ತಾಳಿ ಕಟ್ಟು ಅಂತ ಬರ್ಸು. ಇಲ್ದಿದ್ರೆ ನಾ ಅವ್ರಿಗೆ ಮಾತು ಕೊಡ್ತೀನಿ."

ಅವ್ವ ನನ್ನ ಕೈಲಿ ಹಾಗೇ ಬರೆಸಿದಳು. ಶ್ರಾವಣದ ಕೊನೆಗೆ ಅಣ್ಣನ ಉತ್ತರ ಬಂತು. ಅವ್ವನಿಗೆ ಬೇರೆ, ದ್ಯಾವಮ್ಮನಿಗೆ ಬೇರೆ. ಬಣವೆಯ ಹಿಂದೆ ಕೂತು ಅವಳದನ್ನು ಓದಿದೆ. ಅದು ನನಗೆ ಇವತ್ತಿಗೂ ಬಾಯಿಪಾಠ.

"ದ್ಯಾವಿ, ಮಾವ ಹೇಳಿದ್ದು ತಪ್ಪಲ್ಲ. ಇಲ್ಲಿ ಯಾವಾಗ ಏನು ಅಂತ ಹೇಳಲು ಬರುವುದಿಲ್ಲ. ದೀಪಾವಳಿಗೆ ಬರುತ್ತೇನೆ ಅಂತ ಮಾತು ಕೊಟ್ಟರೆ ಸುಳ್ಳಾಗಬಹುದು. ನೀನು ಕಾಯುತ್ತೀಯೋ ಇಲ್ಲವೋ, ನೀನೇ ಹೇಳು. ಸರೋಜಿಯ ಕೈಲಿ ಬರೆಸಬೇಡ. ಅವಳು ಅವ್ವ ಹೇಳಿದ ಹಾಗೆ ಬರೆಯುತ್ತಾಳೆ, ಅವ್ವನಿಗೆ ನಾನೇ ಹೆಚ್ಚು. ನಿನ್ನ ಕೈಯದೇ ಉತ್ತರ ಬೇಕು. ಕಾಯುವುದಿಲ್ಲ ಅಂತಾದರೆ ಏನೂ ಕಳಿಸಬೇಡ. ತಿಳಿದುಕೊಳ್ಳುತ್ತೇನೆ. ಬೇಜಾರು ಮಾಡಿಕೊಳ್ಳುವುದಿಲ್ಲ."

ನನಗೆ ಸಿಟ್ಟು ಬಂತು. ಇಷ್ಟು ದಿನ ಬರೆದುಕೊಟ್ಟದ್ದಕ್ಕೆ ಇದಾ ಮರ್ಯಾದೆ ಅಂದೆ. ದ್ಯಾವಮ್ಮ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಹುಲ್ಲಿನ ಕಡ್ಡಿಯೊಂದನ್ನು ಮುರಿದು ಮುರಿದು ಹಾಕುತ್ತ ಕೂತಿದ್ದವಳು, "ನಿಮ್ ಇಸ್ಕೂಲಲ್ಲಿ ದೊಡ್ಡ ಹಾಳೆ ಸಿಗತ್ತಾ?" ಅಂತ ಕೇಳಿದಳು. ಡ್ರಾಯಿಂಗ್ ಹಾಳೆ ತಂದುಕೊಟ್ಟೆ, ಶಾಯಿಯ ಬಾಟಲಿಯನ್ನೂ ಕೊಟ್ಟೆ. ಮನೆಗೆಲಸದ ನಡುವೆ ಬಿಡುವು ಸಿಕ್ಕಾಗಲೆಲ್ಲ ಅಟ್ಟದ ಮೇಲೆ, ಬೆಳಕಿಂಡಿಯ ಕೆಳಗೆ ಕೂತು ಬರೆದಳು. ಯಾರಿಗೂ ತೋರಿಸಲಿಲ್ಲ. ಮುಗಿದ ದಿನ ನನ್ನೊಬ್ಬಳನ್ನು ಕರೆದಳು.

ಹಾಳೆಯ ತುಂಬ ಒಂದು ಪೂರ್ತಿ ಹಸೆ. ಎಳೆಯೊಳಗೆ ಎಳೆ, ನಾಲ್ಕು ಮೂಲೆಗೂ ಏಣಿ, ಜೋಗಿಜಡೆ. ಗೋಡೆಯ ಮೇಲೆ ಮೊಳದಷ್ಟು ಬರುವುದನ್ನು ಉಗುರಿನಷ್ಟಕ್ಕೆ ಇಳಿಸಿದ್ದಳು. ನಟ್ಟನಡುವೆ ಮೇಲೆ ಮಾತ್ರ ಚೌಕಾಕಾರದ ಒಂದು ಜಾಗ ಬರೀ ಬಿಳಿ.

"ದಂಡಿಗೆ ಎಲ್ಲಿ ಅತ್ತಿಗೆ?" ಅಂದೆ.

"ಅವ್ರು ಬರ್ಲಿ. ಬಂದ್ಮೇಲೆ ನಿಮ್ ಗೋಡೆ ಮ್ಯಾಲೆ ಬರೀತೀನಿ. ಜಾಗ ಬಿಟ್ಟಿದ್ದು ನೋಡಿದ್ರೆ ಅವ್ರಿಗೆ ತಿಳಿಯತ್ತೆ."

ತಿಳಿಯದೆ ಏನು, ಅಜ್ಜಿಯ ಕಟ್ಟುನಿಟ್ಟು ಅವನಿಗೂ ಗೊತ್ತಿತ್ತು. ಕಾಯುತ್ತೇನೆ ಅಂತ ಅದಕ್ಕಿಂತ ಚೆನ್ನಾಗಿ ಹೇಳಲು ಅಕ್ಷರ ಬಲ್ಲವರಿಗೂ ಆಗುತ್ತಿರಲಿಲ್ಲ. ಬೇರೆ ಒಂದು ಅಕ್ಷರವನ್ನೂ ಸೇರಿಸಬೇಡ ಅಂತ ನನ್ನ ಕೈಲಿ ಆಣೆ ಹಾಕಿಸಿಕೊಂಡಳು. ಮಡಚಿ, ಲಕೋಟೆಗೆ ಹಾಕಿ, ಹಿಂದೆ ನಮ್ಮ ಮನೆಯ ವಿಳಾಸ ಬರೆದು ಹೊಸನಗರದಲ್ಲಿ ಅಂಚೆಗೆ ಹಾಕಿ ಬಂದೆ.

ಆಮೇಲೆ ಯುದ್ಧ. ಕೈಮರದ ಅಂಗಡಿಯ ರೇಡಿಯೋ ಮುಂದೆ ಜನ ಬಿಟ್ಟೂಬಿಡದೆ ಕೂರುತ್ತಿದ್ದರು. ಅವ್ವ ಉಪ್ಪಿಗೆ ಹೋದರೆ ಎದ್ದು ನಿಂತು ದಾರಿ ಬಿಡುತ್ತಿದ್ದರು, ಅವಳಿಗೆ ಅದರಿಂದ ಹೆದರಿಕೆಯೇ ಹೆಚ್ಚಾಗುತ್ತಿತ್ತು. ಅಣ್ಣನಿಂದ ಕಾಗದವಿಲ್ಲ. ದ್ಯಾವಮ್ಮ ಯಾವುದಾದರೂ ನೆಪ ಮಾಡಿಕೊಂಡು ಹಳ್ಳ ದಾಟಿ ಬಂದು ನನ್ನ ಮುಖ ನೋಡಿ ಹೋಗುತ್ತಿದ್ದಳು.

ಹೀಗಿರುವಾಗ ಸೈಕಲ್ ತಳ್ಳಿಕೊಂಡು, ಕೊಡೆ ಹಿಡಿದುಕೊಂಡು ಒಬ್ಬರು ಬಂದರು. ಮೈಮೇಲೆ ಸಾದಾ ಬಟ್ಟೆ, ಕಾಲಲ್ಲಿ ಮಾತ್ರ ಪೋಲೀಸಿನ ಬೂಟು. ಯಾರಿಗೂ ಗೊತ್ತಾಗಬಾರದು ಅಂತ ಬಂದವರು ಬೂಟನ್ನು ಮರೆತಿದ್ದರು. ಲಕೋಟೆಯ ಹಿಂದಿನ ವಿಳಾಸ ಹಿಡಿದು ಬಂದದ್ದು. ಮಿಲ್ಟ್ರಿಗೆ ಹೋದ ಕಾಗದಗಳನ್ನು ತೆರೆದು ನೋಡುವವರು ಒಂದು ನಕ್ಷೆ ಹಿಡಿದಿದ್ದಾರೆ, ಯಾವ ಜಾಗದ ನಕ್ಷೆ, ಯಾರು ಬರೆದುಕೊಟ್ಟದ್ದು ಅಂತ ಕೇಳಿದರು. ಮಾವನನ್ನೂ ದ್ಯಾವಮ್ಮನನ್ನೂ ಕರೆಸಿದ್ದಾಯಿತು. ಹೇಳಿದರೆ ಅವರಿಗೆ ತಿಳಿಯಲಿಲ್ಲ. ಕೊನೆಗೆ ಮಾವ ಅವರನ್ನು ಮುಂಚಿನ ವರ್ಷ ಮದುವೆಯಾಗಿದ್ದ ಪಕ್ಕದ ಮನೆಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದ. ನಾವೆಲ್ಲ ಹಿಂದೆಯೇ ಹೋದೆವು.

"ಇದು ರೈಲು ಹಳಿಯಲ್ವಾ?" ಅಂದರು ಅವರು.

"ಅದು ಏಣಿ ಸ್ವಾಮಿ" ಅಂದ ಮಾವ.

"ಯಾವುದಕ್ಕೆ ಹತ್ತೋ ಏಣಿ?"

"ಯಾವ್ದಕ್ಕೂ ಇಲ್ಲ. ಹಸೆಗೆ ಏಣಿ ಇರ್ಬೇಕು, ಇರತ್ತೆ."

ಅವರು ಅದನ್ನು ಬರೆದುಕೊಂಡರು. ಜೋಗಿಜಡೆಯನ್ನು ಮುಳ್ಳುತಂತಿ ಅಂದುಕೊಂಡಿದ್ದರಂತೆ, ಅದನ್ನೂ ತಿದ್ದಿಕೊಂಡರು. ಗಟ್ಟಿ ಬೆಲ್ಲದ ಕಾಫಿ ಕುಡಿದ ಮೇಲೆ ಸ್ವಲ್ಪ ಮೆತ್ತಗಾಗಿ, "ನಿಮ್ಮದು ತಪ್ಪಲ್ಲ ಬಿಡಿ. ಯುದ್ಧದ ಕಾಲ. ಒಂದಕ್ಷರ ಇಲ್ಲದ ಕಾಗದ ಅಂದ್ರೆ ಯಾರಿಗಾದ್ರೂ ಅನುಮಾನ ಬರತ್ತೆ. ಇನ್ಮೇಲೆ ಇಂಥದ್ದು ಕಳಿಸ್ಬೇಡಿ" ಅಂದರು.

ದ್ಯಾವಮ್ಮ ಪರವೂರ ಗಂಡಸಿನ ಎದುರು ಬಾಯಿಬಿಟ್ಟದ್ದನ್ನು ನಾನು ನೋಡಿದ್ದು ಅವತ್ತೇ. "ಹಂಗಾರೆ ಅದು ಅವ್ರಿಗೆ ಮುಟ್ಲಿಲ್ವಾ?" ಅಂದಳು.

"ಇಲ್ಲಮ್ಮ. ಮೇಲಿನೋರ ಹತ್ರ ಐತೆ. ವಿಚಾರಣೆ ಮುಗಿದ್ಮೇಲೆ ಅವ್ರಿಗೆ ತೋರಿಸ್ತಾರೋ, ಕಳಿಸ್ತಾರೋ, ನಂಗೆ ಗೊತ್ತಿಲ್ಲ."

ಸೈಕಲ್ ತಿರುವು ದಾಟಿದ್ದೇ ತಡ, ಜಗುಲಿಯಲ್ಲೇ ಕೂತು ಕಾಗದ ಬರೆದೆವು. ದ್ಯಾವಮ್ಮ ತನ್ನ ಅಪ್ಪನ ಎದುರಿಗೆ, ಅತ್ತೆಯ ಎದುರಿಗೆ, ಒಂದಿಷ್ಟೂ ನಾಚದೆ, "ಕಾಯ್ತೀನಿ ಅಂತ ಬರಿ. ಆವಾಗ್ಲೇ ಹೇಳಿದ್ದೆ ಅಂತ ಬರಿ" ಅಂದಳು. ಮಾವ, "ದೀಪಾವಳಿ ಅಂದಿದ್ದು ನಾನೇ ಬಿಟ್ಟೆ ಅಂತ್ಲೂ ಬರಿ" ಅಂದ. ಕೆಳಗೆ ಬೆರಳಗಲ ಜಾಗ ಉಳಿದಿತ್ತು. ಪೆನ್ನನ್ನು ಅವಳಿಗೆ ಚಾಚಿದೆ. ತೆಗೆದುಕೊಂಡಳು, ಹಾಳೆಯ ಮೇಲೆ ಬಾಗಿದಳು, ಅಷ್ಟರಲ್ಲಿ ಅವಳ ಕೈ ನಿಂತಿತು. "ಬ್ಯಾಡ. ಇದ್ನೂ ಹಿಡಿದಿಟ್ಟಾರು" ಅಂತ ಪೆನ್ನನ್ನು ವಾಪಸ್ಸು ಕೊಟ್ಟಳು. ಅವಳ ಕೈಯ ಗುರುತೇ ಇಲ್ಲದೆ ಆ ಕಾಗದ ಹೋಯಿತು.

ಯುದ್ಧ ನಿಂತಿತು ಅಂತ ರೇಡಿಯೋದಲ್ಲಿ ಬಂದ ದಿನ ಅಂಗಡಿಯವನು ಎಲ್ಲರಿಗೂ ಸಕ್ಕರೆ ಹಂಚಿದ. ಅವ್ವ ದೇವರಿಗೆ ದೀಪ ಹಚ್ಚಿದಳು. ಅದರ ಹಿಂದೆಯೇ ಅಣ್ಣನ ಕಾಗದ ಬಂತು, ಯುದ್ಧದ ನಡುವೆ ಬರೆದದ್ದು. ಬಣವೆಯ ಹಿಂದೆ ಓಡಿದೆವು. ಮೊದಲನೇ ಸಾಲು ಓದಿಕೊಂಡ ನಾನು, "ಕ್ಷೇಮವಾಗಿದ್ದೇನೆ" ಅಂತ ಏನೋ ಶುರುಮಾಡಿದೆ.

"ಸರೋಜಿ, ಇದ್ದಂಗೆ ಓದೆ" ಅಂದಳು. ಓದು ಬಾರದವಳಿಗೆ ಹೇಗೆ ತಿಳಿಯಿತೋ.

ಇದ್ದ ಹಾಗೆ ಓದಿದೆ. "ದ್ಯಾವಿ, ನಿನ್ನ ಉತ್ತರ ಬರಲಿಲ್ಲ. ತಿಳಿಯಿತು. ನಾನು ಹೇಳಿದ ಹಾಗೆ ಬೇಜಾರು ಮಾಡಿಕೊಂಡಿಲ್ಲ. ತೀರ್ಥಹಳ್ಳಿಯವರು ಒಳ್ಳೆಯವರಂತೆ, ಗೋಡೆಯ ಮೇಲೆ ಚೆನ್ನಾಗಿ ಬರಿ. ಅವ್ವನನ್ನು ಆಗಾಗ ಬಂದು ನೋಡು." ಅಷ್ಟೇ ಇತ್ತು. ದ್ಯಾವಮ್ಮ ಕಾಗದವನ್ನು ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ನನಗೇ ಸಮಾಧಾನ ಹೇಳಿದಳು. "ಹೆಂಗಾರೂ ಜಗಳ ನಿಂತೈತಲ್ಲ. ನಾವು ಆಮೇಲೆ ಬರೆದಿದ್ದು ಈಗ ಮುಟ್ಟಿರತ್ತೆ. ನಂಗೆ ಬಯ್ದು ಬರೀತಾರೆ ನೋಡು."

ಭೂಮಿ ಹುಣ್ಣಿಮೆಗೆ ಗದ್ದೆಗೆ ಒಯ್ಯುವ ಬುಟ್ಟಿಗೆ ಅವಳು ಚಿತ್ತಾರ ಬರೆಯುತ್ತಿದ್ದಾಗ ತಂತಿ ಬಂತು. ತೆನೆ ಹೊತ್ತ ಭೂಮಿ ಬಸುರಿ ಅಂತ ಅವಳಿಗೆ ಬಯಕೆಯ ಊಟ ಬಡಿಸುವ ಹಬ್ಬ ಅದು. ಅಣ್ಣ ಯುದ್ಧ ನಿಲ್ಲುವ ಮೊದಲೇ ಹೋಗಿದ್ದ. ನಾವು ಬಣವೆಯ ಹಿಂದೆ ಕೂತು ಅವನ ಕಾಗದ ಓದಿದಾಗ ಅವನು ಇರಲಿಲ್ಲ. ನಾವು ಜಗುಲಿಯಲ್ಲಿ ಬರೆದ ಕಾಗದ ಕೆಲವು ದಿನಗಳಲ್ಲಿ ಲಕೋಟೆ ಒಡೆಯದೆ ಹಾಗೇ ವಾಪಸ್ಸು ಬಂತು.

ಅವ್ವನ ದುಃಖವನ್ನು ಹೇಗೆ ಹೇಳಲಿ. ಮಗ ಸತ್ತದ್ದನ್ನು ಅವಳು ಹೇಗೋ ನುಂಗಿಕೊಂಡಳೇನೋ, ಇನ್ನೊಂದನ್ನು ನುಂಗಲಾರದೆ ಹೋದಳು. "ಹೆಣ್ಣು ಬ್ಯಾಡ ಅಂದ್ಲು ಅಂತ ತಿಳ್ಕಂಡು ಹೋದ ನನ್ ಮಗ. ಅಷ್ಟು ತಿಳ್ಕಂಡೇ ಹೋದ" ಅಂತ ಅದನ್ನೇ ಹೇಳುತ್ತಿದ್ದಳು. ಬಂದವರಿಗೆಲ್ಲ ಹೇಳುತ್ತಿದ್ದಳು, ಯಾರೂ ಇಲ್ಲದಾಗ ಕೆಂಪು ಗೋಡೆಗೆ ಹೇಳುತ್ತಿದ್ದಳು. ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಹಾಗೇ ಎದ್ದುಬಿಡುತ್ತಿದ್ದಳು. ದ್ಯಾವಮ್ಮ ದಿನಾ ಬಂದು ಅವಳ ತಲೆ ಬಾಚಿ ಹೋಗುತ್ತಿದ್ದಳು. ಅತ್ತದ್ದನ್ನು ನಾನು ನೋಡಲಿಲ್ಲ. ನನಗಂತೂ ಅಣ್ಣನ ಮೇಲೆ ಸಿಟ್ಟು, ಸಾಯುವವನು ಅಷ್ಟು ಬೇಗ ತಿಳಿದುಕೊಳ್ಳಬೇಕಿತ್ತಾ ಅಂತ. ಆ ಸಿಟ್ಟು ಪೂರ್ತಿ ಹೋಗಿದೆ ಅಂತ ಈಗಲೂ ಹೇಳಲಾರೆ.

ದೀಪಾವಳಿ ಕಳೆದು, ಕೊಯ್ಲು ಶುರುವಾದ ಮೇಲೆ ಅಣ್ಣನ ಜೊತೆಯವನೊಬ್ಬ ಅಣ್ಣನ ಟ್ರಂಕು ತಂದುಕೊಟ್ಟ. ಶೇಷಪ್ಪ ಅಂತ, ತೀರ್ಥಹಳ್ಳಿ ಕಡೆಯವನು. ರಜೆಯ ಮೇಲೆ ಊರಿಗೆ ಬಂದವನು ಮನೆಗೆ ಹೋಗುವ ಮೊದಲು ನಮ್ಮಲ್ಲಿಗೆ ಬಂದಿದ್ದ. ಎಡಗಿವಿಯ ಮೇಲೆ ಗಾಯ ಒಣಗಿದ ಗುರುತಿತ್ತು. ಅವ್ವ ಟ್ರಂಕನ್ನು ಮುಟ್ಟಲಿಲ್ಲ. ಅವನನ್ನು ಕೂರಿಸಿಕೊಂಡು, ಎಲ್ಲರಿಗೂ ಹೇಳುವುದನ್ನು ಅವನಿಗೂ ಹೇಳಿದಳು. ಹುಡುಗಿ ಹಸೆ ಬರೆದು ಕಳಿಸಿದ್ದು, ಅದನ್ನು ನಕ್ಷೆ ಅಂತ ಹಿಡಿದದ್ದು, ಮಗ ನೋಡದೆ ಹೋದದ್ದು. ದ್ಯಾವಮ್ಮ ಬಾಗಿಲ ಹತ್ತಿರ ನಿಂತಿದ್ದಳು.

ಶೇಷಪ್ಪ ತಲೆ ಬಗ್ಗಿಸಿ ಕೇಳಿದ. ಕೇಳಿ ಮುಗಿದ ಮೇಲೂ ಬಹಳ ಹೊತ್ತು ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ. ಆಮೇಲೆ, "ಇಲ್ಲಮ್ಮ, ನೋಡಿದಾನೆ" ಅಂದ.

ಅವ್ವ ಅವನ ಮುಖವನ್ನೇ ನೋಡಿದಳು.

"ಕೊನೇ ದಿನಗಳಲ್ಲಿ ನಮ್ ಸಾಹೇಬ್ರು ಕರೆಸಿದ್ರು ಅವನ್ನ. ಇದೆಂತದು, ನಿಂಗೆ ಬಂದಿದ್ದು ಅಂತ ಆ ಹಾಳೆ ಮುಂದಿಟ್ರು. ನಾನೂ ಅಲ್ಲೇ ಇದ್ದೆ. ಮಂಜಪ್ಪ ಒಂದೊಂದೇ ಬೆರಳಿಟ್ಟು ತೋರ್ಸಿ ಹೇಳ್ದ, ಇದು ಹಸೆ, ನಮ್ ಕಡೆ ಮದುವೇಲಿ ಬರೆಯೋದು, ನನ್ನ ಹುಡುಗಿ ಬರ್ದಿದ್ದು ಅಂತ. ಸಾಹೇಬ್ರೇ ನಗಾಡಿದ್ರು. ಹೊರಗೆ ಬಂದ್ಮೇಲೆ ಅವ್ನು ಎಷ್ಟು ಖುಷಿಯಾಗಿದ್ದ ಅಂದ್ರೆ, ನಂಗೆ ಅದೊಂದೇ ನೆನಪು."

ದ್ಯಾವಮ್ಮನ ಮುಖ ನೋಡಿದೆ. ಅಷ್ಟು ದಿನ ಇಲ್ಲದ ಬಣ್ಣ ಅವಳ ಮುಖಕ್ಕೆ ಬಂದಿತ್ತು. ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಳು.

"ನಟ್ಟನಡುವೆ ಮ್ಯಾಲೆ ಎಂತ ಐತೆ ಅಂದ್ರು?" ಅಂತ ಕೇಳಿದಳು.

"ದಂಡಿಗೆ" ಅಂದ ಶೇಷಪ್ಪ, ಒಂದಿಷ್ಟೂ ತಡೆಯದೆ. "ಅದನ್ನೇ ಮತ್ತೆ ಮತ್ತೆ ತೋರಿಸ್ದ. ಇದರಲ್ಲೇ ನಾನೂ ಅವಳೂ ಕೂತು ಬರೋದು ಅಂದ."

ಅವನು ತೀರ್ಥಹಳ್ಳಿಯವನು. ಹಸೆ ನೋಡಿ ಬೆಳೆದವನು. ದಂಡಿಗೆ ಇಲ್ಲದ ಹಸೆ ಎಲ್ಲಾದರೂ ಉಂಟೇ ಅಂತ ಅವನಿಗೆ ಅನಿಸಿರಬೇಕು. ಹಾಳೆಯ ನಡುವಿನ ಆ ಬಿಳಿ ಜಾಗ ನನ್ನ ಕಣ್ಣ ಮುಂದೆ ಬಂತು. ದ್ಯಾವಮ್ಮ ಒಂದು ಗಳಿಗೆ ಅವನನ್ನು ನೋಡಿದಳು. ಅವ್ವ ತಿರುಗಿ, "ಹೌದೇನೆ? ದಂಡಿಗೆ ಬರ್ದಿದ್ದೇನೆ?" ಅಂತ ಕೇಳಿದಳು.

"ಹೌದು ಅತ್ತೆ. ದಂಡಿಗೆ ಬರ್ದಿದ್ದೆ" ಅಂದಳು ದ್ಯಾವಮ್ಮ. ಶೇಷಪ್ಪನಿಗೆ ಇನ್ನೊಂದು ಲೋಟ ಕಾಫಿ ತರಲು ಒಳಗೆ ಹೋದಳು.

ಅವತ್ತು ಅವ್ವ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡಳು. ಮಜ್ಜಿಗೆ ಕೇಳಿ ಹಾಕಿಸಿಕೊಂಡಳು. ಶೇಷಪ್ಪ ಹೋದ ಮೇಲೆ ದ್ಯಾವಮ್ಮನ ಜೊತೆ ಹಳ್ಳದವರೆಗೂ ಹೋದೆ. ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕದ ಹತ್ತಿರ ತಡೆಯಲಾರದೆ, "ಅತ್ತಿಗೆ, ನೀನು ದಂಡಿಗೆ ಬರೆದೇ ಇರಲಿಲ್ಲ" ಅಂದೆ.

"ಗೊತ್ತೈತೆ, ಸುಮ್ನಿರು. ಅತ್ತೆ ಇವತ್ತು ಉಂಡಾರೆ. ಆ ಹುಡ್ಗ ಪಾಪ ತನ್ ಅವ್ವನ್ನೂ ನೋಡದೆ ಇಲ್ಲಿಗೆ ಬಂದಾನೆ, ಅವ್ನಿಗೆ ಎಂತ ಅನ್ಲಿ" ಅಂದಳು. ಸಂಕ ದಾಟಿ ಆ ಕಡೆ ನಿಂತು ತಿರುಗಿ ನೋಡಿ, "ಅತ್ತೆಗೆ ಹೇಳ್ಬ್ಯಾಡ" ಅಂದಳು.

ದ್ಯಾವಮ್ಮ ಮುಂದಿನ ಬೇಸಿಗೆಯಲ್ಲಿ ಮೊದಲು ಕೇಳಿದ್ದ ತೀರ್ಥಹಳ್ಳಿಯವರ ಮನೆಗೇ ಮದುವೆಯಾಗಿ ಹೋದಳು. ಗಂಡ ಒಳ್ಳೆಯವನು, ಮಕ್ಕಳಾದರು, ಮೊಮ್ಮಕ್ಕಳಾದರು. ಈಗ ಅವಳೂ ಇಲ್ಲ. ಅವ್ವ ಅವಳಿಗಿಂತ ಎಷ್ಟೋ ಮೊದಲೇ ಹೋದಳು, ನನ್ನ ಮಗ ಹಸೆ ನೋಡಿಯೇ ಹೋದ ಅಂತ ಬಂದವರಿಗೆಲ್ಲ ಹೇಳಿಕೊಂಡು. ಅದನ್ನೆಲ್ಲ ಹೇಳುತ್ತ ಹೋದರೆ ಬಹಳ ಇದೆ. ಆದರೆ ಸಾಗರದ ಛತ್ರದ ಹಿತ್ತಲಲ್ಲಿ ಕೆಮ್ಮಣ್ಣಿನ ವಾಸನೆಗೆ ನಾನು ನಿಂತುಬಿಟ್ಟದ್ದು ಅದಕ್ಕಲ್ಲ. ಶೇಷಪ್ಪ ಬಂದುಹೋದ ಮೇಲಿನ ಒಂದು ದಿನಕ್ಕೆ.

ಅವತ್ತು ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅವ್ವ ಕೆಮ್ಮಣ್ಣು ಕಲಸುತ್ತ ಕೂತಿದ್ದಳು. ಮೊದಲು ಬಳಿದದ್ದು ಮಳೆಗಾಲದಲ್ಲಿ ಮಾಸಿತ್ತು, ಅದರ ಮೇಲೆ ಹೊಸದಾಗಿ ಬಳಿದಳು. ಒಣಗಿದ ಮೇಲೆ ದ್ಯಾವಮ್ಮನನ್ನು ಕರೆಸಿ, "ನನ್ ಮಗ ನೋಡಿದ್ದನ್ನ ನಾನೂ ನೋಡ್ಬೇಕು. ಕಾಗ್ದದಲ್ಲಿ ಎಂತ ಬರ್ದಿದ್ಯೋ ಅದನ್ನೇ ಬರಿ" ಅಂದಳು. ಸಾವಾದ ಮನೆಯಲ್ಲಿ, ಮದುವೆಯಿಲ್ಲದೆ ಹಸೆ ಬರೆಯುವುದುಂಟೇ ಅಂತ ಪಕ್ಕದ ಮನೆಯವರು ಅಂದರು. ಅವ್ವ ಅಕ್ಕಿಹಿಟ್ಟು ಕದಡಿ ಕರಟಕ್ಕೆ ಹಾಕಿದಳು.

ದ್ಯಾವಮ್ಮ ಬರೆದಳು. ನಾನು ಅಕ್ಕಿಹಿಟ್ಟಿನ ಕರಟ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಎಳೆ ಬಂತು, ಏಣಿ ಬಂತು, ಜೋಗಿಜಡೆ ಬಂತು. ಹಾಳೆಯಲ್ಲಿ ಹೇಗಿತ್ತೋ ಹಾಗೇ, ಒಂದು ಗೆರೆಯೂ ಹೆಚ್ಚಿಲ್ಲ ಕಡಿಮೆಯಿಲ್ಲ. ಕೊನೆಗೆ ನಟ್ಟನಡುವಿನ ಜಾಗ ಉಳಿಯಿತು. ದ್ಯಾವಮ್ಮ ಕುಂಚವನ್ನು ಕರಟಕ್ಕೆ ಅದ್ದಿ ತೆಗೆದವಳು ಹಾಗೇ ನಿಂತಳು. ಬಿಳಿ ಹನಿ ನೆಲಕ್ಕೆ ಬಿತ್ತು, ಇನ್ನೊಂದು ಬಿತ್ತು. ಹಿಂದಿನಿಂದ ಅವ್ವ, "ದಂಡಿಗೆ ಬರಿಯೆ" ಅಂದಳು.

ಅವಳು ದಂಡಿಗೆ ಬರೆದಳು. ಬೊಂಬು, ಕಳಶ, ಕೆಳಗೆ ಹೊರುವವರ ಸಾಲು, ಎಲ್ಲ ಚಂದವಾಗಿ ಬಂದವು. ಮದುಮಕ್ಕಳನ್ನು ಬರೆಯಬೇಕಾದ ಕಡೆ ಮಾತ್ರ ಅವಳು ಗೊಂಬೆ ಬರೆಯಲಿಲ್ಲ. ಮೇಲಿನಿಂದ ಕೆಳಗೆ ಒಂದರ ಪಕ್ಕ ಒಂದು ತೆಳ್ಳಗೆ ಗೆರೆ ಇಳಿಸುತ್ತ ಹೋದಳು, ಆ ಜಾಗ ಪೂರ್ತಿ ತುಂಬುವವರೆಗೆ.

ಅವ್ವ ಎದ್ದು ಹತ್ತಿರ ಬಂದು, ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. "ಒಳಗೆ ಯಾರೂ ಇಲ್ವಲ್ಲೆ" ಅಂದಳು.

"ಅದಾರೆ ಅತ್ತೆ" ಅಂದಳು ದ್ಯಾವಮ್ಮ, ಗೋಡೆಯ ಕಡೆಗೇ ಮುಖ ಮಾಡಿಕೊಂಡು. "ಪರದೆ ಬಿಟ್ಟೀನಿ."

ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಲೆಯಾಡಿಸಿ, "ಹೌದೌದು, ಒಳ್ಳೇದಾಯ್ತು. ಹೊಸ ಮದುಮಕ್ಳು, ದಿಟ್ಟಿ ಆಗ್ಬಾರ್ದು" ಅಂದಳು.